ವ್ಯಸನವೂ ಓಟವೂ

ಕನ್ನಡದಲ್ಲಿ ವ್ಯಸನವೆಂಬ ಮಾತಿಗೆ ಎರಡು ಅರ್ಥಗಳುಂಟು: ದುಃಖವೂ ವ್ಯಸನವೇ, ಬಿಡಲಾರದ ಚಟವೂ ವ್ಯಸನವೇ. ಒಂದನ್ನು ಮರೆಯಲು ಮನುಷ್ಯನು ಇನ್ನೊಂದನ್ನು ಹಿಡಿಯುವುದು ಲೋಕದಲ್ಲಿ ಕಂಡ ಸಂಗತಿ. ದೇಹವನ್ನು ಎಲ್ಲೆ ಮೀರಿ ದಂಡಿಸಿದರೆ ಎರಡೂ ತೊಲಗುವುವೆ?

ಅಮೆರಿಕದ ಚಾರ್ಲಿ ಎಂಗಲ್ ಎಂಬಾತನು ಮದ್ಯಕ್ಕೂ ಕೊಕೇನಿಗೂ ದಾಸನಾಗಿದ್ದು, 1992ರಲ್ಲಿ ಅವನ್ನು ತ್ಯಜಿಸಿದನು. ಮುಂದೆ 2006-07ರಲ್ಲಿ ಇಬ್ಬರು ಜತೆಗಾರರೊಡನೆ ಸಹಾರಾ ಮರುಭೂಮಿಯನ್ನು 111 ದಿನಗಳಲ್ಲಿ ಓಡಿ ದಾಟಿದನು. ಆದರೆ ಚಟದ ದಿನಗಳಲ್ಲಿಯೂ ಆತನು ಮ್ಯಾರಥಾನ್ ಓಡಿದ್ದುಂಟು. ಓಟವೊಂದೇ ಆತನನ್ನು ಬಿಡಿಸಲಿಲ್ಲ. ತನ್ನಂತೆಯೇ ಬಿದ್ದೆದ್ದವರ ನಡುವೆ ಕುಳಿತು ತನ್ನ ಅಶಕ್ತಿಯನ್ನು ಒಪ್ಪಿಕೊಳ್ಳುವುದೂ ಬೇಕಾಯಿತು.

ವ್ಯಾಯಾಮವು ಖಿನ್ನತೆಯನ್ನು ತಗ್ಗಿಸಬಲ್ಲುದೆಂದು ವೈದ್ಯರು ಒಪ್ಪುತ್ತಾರೆ. ಅತಿಯಾದರೆ ಅದೂ ಚಟವಾಗಬಲ್ಲುದು. ಬೇಟೆಯಲ್ಲಿ ವ್ಯಾಯಾಮವುಂಟೆಂದು ಹೇಳಿಯೂ ಕೌಟಿಲ್ಯನು ಅದನ್ನು ವ್ಯಸನಗಳ ಸಾಲಿನಲ್ಲಿಯೇ ಇಟ್ಟನು.

ಹಾಗಾದರೆ ಒರೆಗಲ್ಲು ಯಾವುದು? ಅದನ್ನು ಮರುಭೂಮಿಯಲ್ಲಿ ಹುಡುಕಬೇಕಾಗಿಲ್ಲ. ತುಮಕೂರು, ಗುಬ್ಬಿ, ಕುಣಿಗಲುಗಳಿಂದ ದೇವರಾಯನದುರ್ಗಕ್ಕೆ ಹೋದವರು ಬೆಟ್ಟವೇರಿ ಯೋಗನರಸಿಂಹನನ್ನು ಕಂಡು, ಭೋಗನರಸಿಂಹನಿರುವ ಕೆಳಗಣ ಊರಿಗೆ ಇಳಿದು, ಮನೆ ಸೇರುತ್ತಾರೆ. ಏರಿ ಪಡೆದ ಬಲವು ಇಳಿದ ಮೇಲೆ ಮನೆಯವರಿಗೂ ನೆರೆಯವರಿಗೂ ಒದಗಿದರೆ ಆ ಶ್ರಮವು ಸಾಧನೆ. ಮನೆಯವರ ಮುಖ ನೋಡಲಾರದೆ ಮತ್ತೆ ಬೆಟ್ಟಕ್ಕೇ ಓಡುವಂತಾದರೆ ಒಡೆಯನು ಬದಲಾದನೇ ಹೊರತು ದಾಸ್ಯವು ತಪ್ಪಲಿಲ್ಲ.