ಕೈ ಮೊಳೆಯುವ ಹೊತ್ತು

ಕೈ ಮೊದಲು ಒಂದು ಉಬ್ಬು. ನಾಲ್ಕನೇ ವಾರದ ಕೊನೆಗೆ ಭ್ರೂಣದ ಪಕ್ಕೆಯಲ್ಲಿ ಮೊಗ್ಗಿನಂತೆ ಮೂಡುತ್ತದೆ. ಎಂಟನೇ ವಾರಕ್ಕೆ ಬೆರಳುಗಳು ಬಿಡಿಯಾಗಿರುತ್ತವೆ. ಬದುಕಿಡೀ ದುಡಿಯುವ ಕೈಗೆ ರೂಪ ಬರಲು ಒಂದು ತಿಂಗಳು ಸಾಕು.

*

ಎಲುಬಿಗೂ ಎಳೆತನವುಂಟು. ಕೈಕಾಲಿನ ಎಲುಬೆಲ್ಲ ಮೊದಲು ಮೂಗಿನ ತುದಿಯಂತೆ ಬಾಗುವ ಮೃದ್ವಸ್ಥಿ. ಆಮೇಲೆ ರಕ್ತನಾಳ ಒಳನುಗ್ಗಿ, ಸುಣ್ಣದಂಶ ಕೂತು ಗಟ್ಟಿಯಾಗುತ್ತದೆ. ಹಸುಗೂಸಿನ ಮಣಿಕಟ್ಟಿನ ಎಕ್ಸ್‌ರೇ ನೋಡಿ: ಎಂಟು ಪುಟ್ಟ ಎಲುಬುಗಳಿರಬೇಕಾದ ಜಾಗ ಸಾಮಾನ್ಯವಾಗಿ ಖಾಲಿ. ಅವು ಅಲ್ಲೇ ಇವೆ, ಇನ್ನೂ ಮೆತ್ತಗೆ.

*

1948ರಲ್ಲಿ ಜೀವವಿಜ್ಞಾನಿ ಜಾನ್ ಸಾಂಡರ್ಸ್ ಕೋಳಿಭ್ರೂಣದ ರೆಕ್ಕೆಮೊಗ್ಗಿನ ತುದಿಯಂಚನ್ನು ತೆಗೆದು ನೋಡಿದರು. ಬೇಗ ತೆಗೆದರೆ ರೆಕ್ಕೆ ತೋಳಿಗೇ ಮೊಟಕಾಯಿತು. ತಡವಾಗಿ ತೆಗೆದರೆ ಬೆರಳಷ್ಟೇ ತಪ್ಪಿತು. ಭುಜದಿಂದ ಬೆರಳಿಗೆ ಸಾಗುವ ದಾರಿಯೇ ದೇಹದ ಪಂಚಾಂಗ.

*

ಮೊಗ್ಗಿನ ಕಿರುಬೆರಳ ಕಡೆಯ ಚೂರೊಂದನ್ನು ಎದುರು ಬದಿಗೆ ನೆಟ್ಟರೆ ರೆಕ್ಕೆಯಲ್ಲಿ ಬೆರಳುಗಳು ಕನ್ನಡಿಯ ಬಿಂಬದಂತೆ ಇಮ್ಮಡಿಯಾಗುತ್ತವೆ. ಆ ಚೂರು ಸುರಿಸುವ ಸಂಕೇತ ಸೋನಿಕ್ ಹೆಡ್ಜ್‌ಹಾಗ್ ಎಂಬ ಪ್ರೋಟೀನು ಎಂದು ತಿಳಿದದ್ದು 1993ರಲ್ಲಿ. ಯಾವ ಜೀವಕೋಶವೂ ತಾನು ಯಾವ ಬೆರಳೆಂದು ಒಬ್ಬಂಟಿಯಾಗಿ ತೀರ್ಮಾನಿಸುವುದಿಲ್ಲ, ನೆರೆಯವರನ್ನು ಕೇಳುತ್ತದೆ.

*

ಬೆರಳ ಸಂದುಗಳು ಸತ್ತ ಜೀವಕೋಶಗಳ ಜಾಗ. ಬಾತುಕೋಳಿಯ ಪಾದದಲ್ಲಿ ಆ ಸಾವಿಗೆ ತಡೆ ಬೀಳುತ್ತದೆ, ಅದು ಈಜುತ್ತದೆ.

*

ಥಾಲಿಡೋಮೈಡ್ ನೆನೆದರೆ ಈಗಲೂ ಎದೆ ಭಾರವಾಗುತ್ತದೆ. 1957ರಲ್ಲಿ ಪಶ್ಚಿಮ ಜರ್ಮನಿಯ ಮಾರುಕಟ್ಟೆಗೆ ಬಂದ ಈ ನಿದ್ದೆಯ ಮಾತ್ರೆಯನ್ನು ಬಸುರಿನ ವಾಕರಿಕೆಗೂ ಕೊಟ್ಟರು. 1961ರ ಕೊನೆಗೆ ಹಿಂತೆಗೆದುಕೊಳ್ಳುವಷ್ಟರಲ್ಲಿ ಹಲವು ದೇಶಗಳ ಸಾವಿರಾರು ಕೂಸುಗಳು ಕೈಕಾಲು ಮೊಟಕಾಗಿ ಹುಟ್ಟುವಂತಾಗಿತ್ತು. ಅಪಾಯದ ಅವಧಿ ಗರ್ಭ ನಿಂತ ಮೇಲಿನ ಸುಮಾರು 20ರಿಂದ 36ನೇ ದಿನ. ಮುಟ್ಟು ತಪ್ಪಿದೆಯೇ ಎಂದು ಹೆಂಗಸು ಇನ್ನೂ ಬೆರಳೆಣಿಸುವ ದಿನಗಳು. ಇಲಿಯಲ್ಲಿ ಆ ಮದ್ದು ಇಂಥ ಊನ ತೋರುವುದಿಲ್ಲ. ಮದ್ದು ಹಿಡಿಯುವ ಸೆರೆಬ್ಲಾನ್ ಪ್ರೋಟೀನು ಇಲಿಯಲ್ಲಿ ಕೂದಲೆಳೆಯಷ್ಟು ಬೇರೆ. ಅಷ್ಟೇ ಸಾಕಾಯಿತು.

*

ಮನುಷ್ಯರ ಕೈಯನ್ನು ಮನುಷ್ಯರ ಜೀವಕೋಶದಲ್ಲೇ ಓದಬೇಕು. ಆದರೆ ಭ್ರೂಣವನ್ನು ಪ್ರಯೋಗಾಲಯದಲ್ಲಿ 14 ದಿನ ದಾಟಿ ಬೆಳೆಸಬಾರದೆಂಬ ನಿಯಮವನ್ನು ಹಲವು ದೇಶಗಳು ಬಹುಕಾಲ ಪಾಲಿಸಿಕೊಂಡು ಬಂದಿವೆ, ಕೈಯ ಮೊಗ್ಗೋ ಅದರಾಚೆಯದು. ಆ ನಿಯಮ ನನಗೆ ಒಪ್ಪಿಗೆ. ಅದಕ್ಕೇ ಕಾಂಡಕೋಶದ ಬಳಸುದಾರಿ ಇಷ್ಟು ಬೆಲೆಯುಳ್ಳದ್ದು. 2007ರಲ್ಲಿ ಶಿನ್ಯಾ ಯಮನಾಕ ತಂಡ ನಾಲ್ಕು ಜೀನುಗಳಿಂದ ಮನುಷ್ಯರ ಚರ್ಮದ ಕೋಶವನ್ನು ಮತ್ತೆ ಎಳೆಯ ಕಾಂಡಕೋಶವಾಗಿಸಿತು. 2021ರಲ್ಲಿ ಒಕಯಾಮದ ಸಂಶೋಧಕರು ಮಾನವ ಕಾಂಡಕೋಶಗಳಿಂದ ಅವಯವದ ಮೊಗ್ಗಿನಂಥ ಕೋಶಗಳನ್ನು ಪಡೆದು, ಹೆಚ್ಚಿಸಿ, ಮೃದ್ವಸ್ಥಿಯತ್ತ ನಡೆಸಿದರು.

*

ಮೊಗ್ಗಿನ ಕೋಶಗಳನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿದರೆ ಅವು ಚಪ್ಪಟೆಯಾಗಿ ಮಲಗುತ್ತವೆ, ಮೃದ್ವಸ್ಥಿಯಾಗುವುದನ್ನು ಮರೆಯುತ್ತವೆ. ಅವನ್ನೇ ಒಂದು ಹನಿಯಲ್ಲಿ ಒತ್ತೊತ್ತಾಗಿ ಇಟ್ಟರೆ ಕೆಲವು ದಿನಗಳಲ್ಲಿ ಗಂಟುಗಂಟಾಗಿ ಕೂಡುತ್ತವೆ. ಮೃದ್ವಸ್ಥಿಗೆ ಹಿಡಿಯುವ ಅಲ್ಸಿಯನ್ ನೀಲಿ ಬಣ್ಣ ಹಾಕಿ ತೊಳೆದಾಗ ಒಂದೊಂದು ಗಂಟೂ ನೀಲಿ ರಾಗಿಕಾಳಿನಂತೆ ಉಳಿಯುತ್ತದೆ. ಜನಸಂದಣಿಯಿಲ್ಲದೆ ಎಲುಬಿಲ್ಲ.

*

ತಟ್ಟೆಯ ಹಿಂದೆ ಯಾರೋ ಇರುತ್ತಾರೆ. 2014ರಲ್ಲಿ ಕ್ಯೋಟೋದ ನೊರಿಯುಕಿ ತ್ಸುಮಾಕಿ ತಂಡ, ಎಫ್‌ಜಿಎಫ್‌ಆರ್‌3 ಜೀನಿನ ಬದಲಾವಣೆಯಿಂದ ಕೈಕಾಲು ಗಿಡ್ಡವಾದವರ ಕೋಶಗಳಿಂದಲೇ ಮೃದ್ವಸ್ಥಿ ಬೆಳೆಸಿತು. ಅದು ಸೊರಗಿತ್ತು, ಕೊಲೆಸ್ಟರಾಲಿಗೆ ಕೊಡುವ ಸ್ಟ್ಯಾಟಿನ್ ಹಾಕಿದಾಗ ಚೇತರಿಸಿಕೊಂಡಿತು. ತಟ್ಟೆಯ ಚೇತರಿಕೆ ಮಗುವಿನ ಚಿಕಿತ್ಸೆಯಾಗಲು ದಾರಿ ಉದ್ದ. ಆದರೂ ಆಟದ ಮೈದಾನದ ಅಂಚಿನಲ್ಲಿ ನಿಂತ ಮಗುವಿನ ಪರವಾಗಿ ನಾನು ಆ ದಾರಿಯನ್ನು ನೋಡುತ್ತಿರುತ್ತೇನೆ.

*

ತಟ್ಟೆಯ ಮೃದ್ವಸ್ಥಿಯನ್ನು ಎಳೆಯಲು ಸ್ನಾಯುವಿಲ್ಲ. ಮೊಟ್ಟೆಯೊಳಗಿನ ಕೋಳಿಮರಿ ಅಲುಗದಂತೆ ಮಾಡಿದರೆ ಅದರ ಕೀಲುಗಳು ಸರಿಯಾಗಿ ಬಿಡಿಸಿಕೊಳ್ಳುವುದಿಲ್ಲ. ನಮ್ಮ ಮೊಣಕೈಯಂಥ ಕೀಲುಗಳು ಸಡಿಲಾದದ್ದೂ ಗರ್ಭದೊಳಗಿನ ಅಲುಗಾಟದಲ್ಲೇ. ತಾಯಿಗೆ ಮೊದಲ ಒದೆತ ತಿಳಿಯುವ ಎಷ್ಟೋ ವಾರ ಮುಂಚೆ ಅದು ಶುರುವಾಗಿರುತ್ತದೆ.