ಮಸೂರ ಮತ್ತು ನಯ

ಮಧುಗಿರಿ ತಾಲ್ಲೂಕಿನ ಪುರವರದ ಕಡೆಯ ಮೈದನಹಳ್ಳಿ ಹುಲ್ಲುಗಾವಲಿನ ಒಂದೇ ಕೃಷ್ಣಮೃಗ 300 ಮಿ.ಮೀ. ಲೆನ್ಸಿನಲ್ಲಿ ಚೌಕಟ್ಟು ತುಂಬುತ್ತದೆ, 16 ಮಿ.ಮೀ. ಲೆನ್ಸಿನಲ್ಲಿ ಬಯಲಿನ ಚುಕ್ಕೆಯಾಗುತ್ತದೆ. ಯಾವುದು ನಿಜ? ಜೈನರ ಅನೇಕಾಂತವಾದಕ್ಕೆ ಪ್ರತಿ ನೋಟವೂ ಒಂದು ‘ನಯ’, ಆಂಶಿಕ ಸತ್ಯ. ತಾನೇ ಪೂರ್ಣವೆಂದಾಗ ಅದು ದುರ್ನಯ. ಉದ್ದ ಲೆನ್ಸಿಗೆ ಅಹಿಂಸೆಯ ಸಮರ್ಥನೆಯೂ ಉಂಟು: ಮೃಗ ಬೆದರುವುದಿಲ್ಲ.

ಒಂದು ಕ್ಯಾಮೆರಾದ ಲೆನ್ಸನ್ನು ಇನ್ನೊಂದಕ್ಕೆ ಜೋಡಿಸುವ ಅಡಾಪ್ಟರ್ ಇನ್ನೂ ಸ್ವಾರಸ್ಯಕರ. ಹಳೆಯ ನಿಕಾನ್ ಎಫ್ ಲೆನ್ಸಿಗೆ ಮೌಂಟಿನಿಂದ ಬಿಂಬದವರೆಗೆ 46.5 ಮಿ.ಮೀ. ಬೇಕು, ಸೋನಿ ಇ ಮಿರರ್‌ಲೆಸ್‌ನಲ್ಲಿ ಇರುವುದು 18. ಉಳಿದ 28.5 ಮಿ.ಮೀ. ತುಂಬುವುದು ಗಾಜಿಲ್ಲದ ಬರಿಯ ಕೊಳವೆ. ಹೊಸ ನೋಟ ಕೊಡದೆ ಹಳೆಯದಕ್ಕೆ ಜಾಗ ಕೊಡುವ ಈ ಖಾಲಿತನ, ಕೂಡಿಡದಿರುವ ಜೈನ ವ್ರತವಾದ ಅಪರಿಗ್ರಹಕ್ಕೆ ಒಪ್ಪುವಂಥದು (ಕೊಳ್ಳುವ ಚಪಲ ಅಡಾಪ್ಟರುಗಳಿಗೇ ಹಬ್ಬದಿದ್ದರೆ). ಕೈಯಿಂದ ತಿರುಗಿಸುವ ಕಾಲದ ಲೆನ್ಸಾದರೆ ಫೋಕಸ್ ಕೈಯಿಂದಲೇ. ಓಡುವ ಮೃಗಕ್ಕೆ ಅದು ಕಷ್ಟ, ಮಧುಗಿರಿಯ ಏಕಶಿಲಾ ಬೆಟ್ಟಕ್ಕೆ ಧಾರಾಳವಾಗಿ ಸಾಕು.