ಕೂಡುವ ಲೆಕ್ಕಕ್ಕೆ ಸಿಗದ ನ್ಯಾಯ

ಒಂದು ತೀರ್ಪು ತಪ್ಪಾದಾಗ ಮಾಹಿತಿ ಸಾಲದಾಯಿತೆಂದೋ, ತೀರ್ಪು ಕೊಟ್ಟವರ ಮನಸ್ಸು ಸರಿಯಿರಲಿಲ್ಲವೆಂದೋ ಹೇಳುತ್ತೇವೆ. ಎರಡೂ ಸರಿಯಿದ್ದು ತೀರ್ಪು ತಪ್ಪಾಗಲು ಸಾಧ್ಯವೇ? ಸಾಧ್ಯ. ತೀರ್ಪು ಕೊಡುವ ವ್ಯವಸ್ಥೆಯ ರಚನೆಯಲ್ಲೇ ಸತ್ಯಕ್ಕೆ ಜಾಗವಿಲ್ಲದಿದ್ದರೆ ಸಾಕು.

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳನ್ನೇ ನೋಡಿ. ಒಣಗುತ್ತಿರುವ ಬೆಳೆ ಒಂದು ಹದ ಮಳೆಗೆ ಚೇತರಿಸಿಕೊಳ್ಳುತ್ತದೆ. ಮಳೆ ಕೈಕೊಟ್ಟರೆ ಕೊಳವೆ ಬಾವಿಯ ನೀರಿಗೂ ಚೇತರಿಸಿಕೊಳ್ಳುತ್ತದೆ. ಆದರೆ ನೀರು ಹಾಯಿಸಿದ ಹೊಲಕ್ಕೇ ಜಡಿಮಳೆ ಹಿಡಿದು ನೀರು ನಿಂತರೆ ಬೆಳೆ ಕೆಡುತ್ತದೆ. ಎರಡರಲ್ಲಿ ಒಂದು ಬೇಕು, ಎರಡೂ ಬೇಡ.

ಇದನ್ನು ಕಂಪ್ಯೂಟರಿಗೆ ಕಲಿಸಲು ಹೊರಟೆವೆನ್ನಿ. ಮಳೆಗಿಷ್ಟು ಅಂಕ, ಬಾವಿ ನೀರಿಗಿಷ್ಟು ಅಂಕ. ಮೊತ್ತ ಒಂದು ಗೆರೆ ದಾಟಿದರೆ ಬೆಳೆ ಉಳಿಯಿತು. 1958ರಲ್ಲಿ ಫ್ರಾಂಕ್ ರೋಸೆನ್‌ಬ್ಲಾಟ್ ಮುಂದಿಟ್ಟ 'ಪರ್ಸೆಪ್ಟ್ರಾನ್' ಜಾಲ ಕೆಲಸ ಮಾಡುವುದು ಹೀಗೆಯೇ. ಏನೂ ಇಲ್ಲದಾಗ ಗೆರೆಯ ಕೆಳಗೆ, ಒಂದೊಂದೇ ಇದ್ದಾಗ ಗೆರೆಯ ಮೇಲೆ ಎಂದಾದರೆ, ಎರಡೂ ಸೇರಿದಾಗ ಮೊತ್ತ ಇನ್ನೂ ಮೇಲೇರಲೇಬೇಕು. ಸಾವಿರ ಹೊಲಗಳ ಮಾಹಿತಿ ಕೊಟ್ಟರೂ ಅದು ಕಲಿಯದು. ಇಂಥ ಮಿತಿಗಳನ್ನು ಮಾರ್ವಿನ್ ಮಿನ್ಸ್ಕಿ ಮತ್ತು ಸೇಮೋರ್ ಪ್ಯಾಪರ್ಟ್ 1969ರ ತಮ್ಮ ಪುಸ್ತಕದಲ್ಲಿ ಗಣಿತದ ಮೂಲಕ ತೋರಿಸಿದರು. ನಡುವೆ ಇನ್ನೊಂದು ಪದರವಿಟ್ಟು, 'ಎರಡೂ ಬಂದವೇ?' ಎಂಬುದನ್ನು ಅದು ಬೇರೆಯಾಗಿ ಗುರುತಿಸುವಂತೆ ಮಾಡಿದರೆ ತೊಡಕು ಬಗೆಹರಿಯುತ್ತದೆ.

ಮನುಷ್ಯರ ಬದುಕನ್ನೂ ನಾವು ಹೀಗೆ ಕೂಡಿ ನೋಡಿದ್ದೇವೆ. ಗ್ರಾಮೀಣ ಬಡವರನ್ನು ಗುರುತಿಸಲು ನಡೆದ 2002ರ ಸಮೀಕ್ಷೆಯಲ್ಲಿ 13 ಪ್ರಶ್ನೆಗಳು, ಪ್ರತಿಯೊಂದಕ್ಕೂ 0ಯಿಂದ 4 ಅಂಕ, ಒಟ್ಟು 52. ಮೊತ್ತ ಕಡಿಮೆಯಿದ್ದವರು ಬಡವರು. ಊಟಕ್ಕೂ ಓದಿಗೂ ಒಂದೇ ತೂಕ. ಮನೆಯಲ್ಲಿ ಓದಿದವನೊಬ್ಬನಿದ್ದರೆ ಅವನ ಅಂಕ ಹಸಿವಿನ ಸೊನ್ನೆಯನ್ನು ಮುಚ್ಚಿಹಾಕಬಹುದಿತ್ತು. 'ಹಸಿದವರನ್ನು ಬೇರೇನೂ ಕೇಳಬೇಡಿ' ಎಂಬ ಸರಳ ನ್ಯಾಯಕ್ಕೆ ಆ ನಮೂನೆಯಲ್ಲಿ ಜಾಗವಿರಲಿಲ್ಲ. ಗಣತಿದಾರ ಎಷ್ಟೇ ಪ್ರಾಮಾಣಿಕನಾಗಿದ್ದರೂ ಅದು ಬದಲಾಗುತ್ತಿರಲಿಲ್ಲ.

2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿ ರಚನೆಯನ್ನೇ ಬದಲಿಸಿತು. ಉಳ್ಳವರನ್ನು ಮೊದಲೇ ಹೊರಗಿಡುವುದು; ನಿರ್ಗತಿಕರು, ಅತಿ ಹಿಂದುಳಿದ ಆದಿವಾಸಿಗಳು ಮುಂತಾದವರನ್ನು ನೇರವಾಗಿ ಸೇರಿಸುವುದು; ಆಮೇಲೆ ಉಳಿದವರ ಕೊರತೆಗಳನ್ನು ಎಣಿಸುವುದು. ಎಚ್.ಡಿ. ಕೋಟೆಯ ಹಾಡಿಗಳಲ್ಲಿರುವ ಜೇನುಕುರುಬರು ಹೀಗೆ ನೇರವಾಗಿ ಸೇರಬೇಕಾದ ಸಮುದಾಯದವರು. ಈ ಗಣತಿಯೂ ದೋಷಮುಕ್ತವೇನಲ್ಲ. ಆದರೆ ಕೂಡುವ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ ಎಂಬುದನ್ನಾದರೂ ಅದು ಒಪ್ಪಿಕೊಂಡಿತು.

ಯಂತ್ರ ತನಗಿಲ್ಲದ ಪದರವನ್ನು ತಾನೇ ಹುಟ್ಟಿಸಿಕೊಳ್ಳಲಾರದು. ನಮೂನೆಯಲ್ಲಿಲ್ಲದ ಉತ್ತರವನ್ನು ಗಣತಿದಾರ ಬರೆದುಕೊಳ್ಳಲಾರ. ಹಾಗಾಗಿ ಮೊದಲ ಹೊಣೆ ರಚನೆಯನ್ನು ಆಯ್ದವರದ್ದು. ಸಾಲವನ್ನೂ ಸವಲತ್ತನ್ನೂ ಕಂಪ್ಯೂಟರಿನ ಲೆಕ್ಕಕ್ಕೆ ಒಪ್ಪಿಸುತ್ತಿರುವ ಈ ದಿನಗಳಲ್ಲಿ ಎಷ್ಟು ಮಾಹಿತಿ ಕೊಟ್ಟಿದ್ದೀರಿ ಎಂದು ಕೇಳಿದರೆ ಸಾಲದು. ಈ ಲೆಕ್ಕ ಯಾರ ಕಷ್ಟವನ್ನು ಕಾಣಲಾರದು ಎಂದೂ ಕೇಳಬೇಕು. ಅದಕ್ಕೆ ಉತ್ತರ ಚೆನ್ನಾಗಿ ಗೊತ್ತಿರುವುದು ಪಟ್ಟಿಯಿಂದ ಹೊರಗುಳಿದವರಿಗೆ.